ಗುರಿ ನನ್ನದು, ದಾರಿ ಎಲ್ಲರದು

ಅಮೆರಿಕದ ಓಟಗಾರ್ತಿ ಅಲಿಸನ್ ಫೆಲಿಕ್ಸ್ ಅವರನ್ನು ಗಮನಿಸಿ. 2004, 2008ರ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬೆಳ್ಳಿ. ಬಿಟ್ಟುಬಿಟ್ರಾ? ಇಲ್ಲ. 2012ರಲ್ಲಿ, ಲಂಡನ್‌ನಲ್ಲಿ ಚಿನ್ನ! ಛಲ ಅಂದ್ರೆ ಇದು.

ಆದರೆ ನಾಯಕತ್ವ ಎಲ್ಲಿ ಕಾಣ್ತು? 2018ರಲ್ಲಿ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಆಗ ನೈಕಿ ಕಂಪನಿ ಜೊತೆ ಹೊಸ ಒಪ್ಪಂದದ ಮಾತುಕತೆ ನಡೀತಿತ್ತು. ಹೆರಿಗೆ ಆಸುಪಾಸಿನ ತಿಂಗಳುಗಳಲ್ಲಿ ಓಟ ನಿಧಾನವಾದರೆ ಹಣ ಕಡಿತ ಮಾಡಬಾರದು ಅಂತ ಅವರು ಕೇಳಿದರು, ಕಂಪನಿ ಒಪ್ಪಲಿಲ್ಲ. ಸುಮ್ಮನಿದ್ದರೆ ಅವರಿಗೇ ಲಾಭ. ಆದರೂ 2019ರಲ್ಲಿ ಬಹಿರಂಗವಾಗಿ ಬರೆದರು. ಬೇರೆ ತಾಯಂದಿರೂ ದನಿಗೂಡಿಸಿದ್ದರು. ಅದೇ ವರ್ಷ ಕಂಪನಿ ನಿಯಮ ಬದಲಾಯಿಸಿತು. 2021ರ ಟೋಕಿಯೊದಲ್ಲಿ ಅವರ ಒಲಿಂಪಿಕ್ ಪದಕಗಳು 11 ಆದವು.

ನಾನು ಕೇಳೋದಿಷ್ಟೇ: ಆಫೀಸಲ್ಲಿ ನೀವು ಮೇಲೆ ಹೋದಾಗ, ಹಿಂದೆ ಬರುವವರ ದಾರಿ ಸುಲಭ ಆಯ್ತಾ? ಈ ವಾರ ಒಬ್ಬರ ಪರವಾಗಿ ಮಾತಾಡಿ.