ಒಡೆಯನಿಲ್ಲದ ಬಲೆಗಳು

ಬೆಸ್ತನ ಕೈತಪ್ಪಿದ ಮಾತ್ರಕ್ಕೆ ಬಲೆಯು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಪೂರ್ವದಲ್ಲಿ ಬಲೆಗಳನ್ನು ಹತ್ತಿ, ಸೆಣಬುಗಳ ನೂಲಿನಿಂದ ಹೆಣೆಯುತ್ತಿದ್ದರು. ಬಿರುಗಾಳಿಯಲ್ಲಿ ಕಳೆದುಹೋದವುಗಳು ಕೆಲಕಾಲದಲ್ಲಿ ಕೊಳೆತು ಇಲ್ಲವಾಗುತ್ತಿದ್ದವು. ಈಗಿನ ಪ್ಲಾಸ್ಟಿಕ್ ನೂಲಿನ ಬಲೆಯಾದರೋ ವರುಷಗಟ್ಟಲೆ ತೇಲುತ್ತಾ ಹಿಡಿಯುತ್ತಲೇ ಇರುವುದು. ಕಡಲಾಮೆಯು ಉಸಿರಿಗಾಗಿ ನೀರಿನ ಮೇಲಕ್ಕೆ ಬರಲೇಬೇಕಾದ ಪ್ರಾಣಿ. ಬಲೆಯು ಅದನ್ನು ಕೆಳಗೆ ಹಿಡಿದಿಟ್ಟರೆ, ತಾನು ಬೆಳೆದ ಸಮುದ್ರದಲ್ಲಿಯೇ ಅದು ಮುಳುಗಿ ಸಾಯುತ್ತದೆ.

ಹಾಗಾದರೆ ಇವನ್ನು ತೆಗೆದುಹಾಕಬಾರದೇ ಎಂದು ಕೇಳುವಿರಿ. ತೆಗೆಯುವುದು ಕಷ್ಟ, ಹುಡುಕುವುದು ಇನ್ನೂ ಕಷ್ಟ. ಹವಾಯಿ ದ್ವೀಪಗಳಿಗೂ ಕ್ಯಾಲಿಫೋರ್ನಿಯಕ್ಕೂ ನಡುವಣ ಶಾಂತಸಾಗರವು ಎಷ್ಟು ವಿಸ್ತಾರವೆಂಬುದನ್ನು ಭೂಪಟದಲ್ಲಿ ನೋಡಿರಿ. ಅಲ್ಲಿ ಕೆಲಸಮಾಡುವ ಓಷನ್ ವಾಯೇಜಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯವರ ಉಪಾಯವು ಮೊದಲು ಕೇಳುವವರಿಗೆ ವಿಪರೀತವಾಗಿ ತೋರೀತು. ದಾರಿಯಲ್ಲಿ ಬಲೆಯನ್ನು ಕಂಡ ಹಡಗಿನವರು ಅದಕ್ಕೆ ಒಂದು ಯಂತ್ರವನ್ನು ಕಟ್ಟಿ, ಬಲೆಯನ್ನು ತೇಲಲು ಬಿಟ್ಟುಬಿಡುವರು! ತಾನಿರುವ ಸ್ಥಳವನ್ನು ಆ ಯಂತ್ರವು ಉಪಗ್ರಹದ ಮೂಲಕ ತಿಳಿಸುತ್ತಿರುವುದು. ಗಾಳಿಯು ಅಂಗಳದ ತರಗೆಲೆಗಳನ್ನು ಮೂಲೆಗೆ ಒಟ್ಟುವಂತೆ, ಸಮುದ್ರದ ಪ್ರವಾಹಗಳು ತೇಲುವ ವಸ್ತುಗಳನ್ನು ಒಂದೆಡೆ ಕೂಡಿಸುತ್ತವೆ; ಆದುದರಿಂದ ಗುರುತು ಕಟ್ಟಿದ ಒಂದು ಬಲೆಯ ಬಳಿ ಬೇರೆ ಬಲೆಗಳೂ ಸಿಕ್ಕುವುವು. ಈ ವಿಚಾರದಲ್ಲಿ ಅವರಿಗೆ ನೆರವಾದವರು ಹವಾಯಿ ವಿಶ್ವವಿದ್ಯಾನಿಲಯದ ನಿಕೊಲಾಯ್ ಮ್ಯಾಕ್ಸಿಮೆಂಕೊ ಎಂಬ ವಿಜ್ಞಾನಿಗಳು.

ಹೀಗೆ 2020ರಲ್ಲಿ ಕ್ವಾಯಿ ಎಂಬ ಸರಕಿನ ಹಾಯಿಹಡಗು ಹೊರಟಿತು. (ಉಗಿಯ ಕಾಲಕ್ಕೂ ಹಿಂದಿನ ಹಾಯಿಯೇ ಈ ಕಾರ್ಯಕ್ಕೆ ಒದಗಿದುದು ನನಗೆ ಬಹು ಸಂತೋಷ.) ಅದು 48 ದಿನಗಳ ಯಾತ್ರೆಯನ್ನು ಮುಗಿಸಿ, ಜೂನ್ ತಿಂಗಳಲ್ಲಿ ಹೊನೊಲುಲು ಬಂದರಿಗೆ ಮರಳಿದಾಗ ಅದರಲ್ಲಿ 103 ಟನ್ನು ಬಲೆಗಳೂ ಪ್ಲಾಸ್ಟಿಕ್ ಕಸವೂ ತುಂಬಿದ್ದವು.