ಏರಿ ಇಳಿಯುವ 12345654321

ಪ್ರಶ್ನೆ: 111111 ಅನ್ನು 111111ರಿಂದಲೇ ಗುಣಿಸಿದರೆ 12345654321 ಬರುತ್ತದೆ. ವಾಟ್ಸ್ಯಾಪ್‌ನಲ್ಲಿ ಇದು 'ಪವಾಡ ಸಂಖ್ಯೆ' ಎಂದು ಓಡಾಡುತ್ತಿದೆ. ನಿಜಕ್ಕೂ ವಿಶೇಷವೇನಾದರೂ ಇದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಪವಾಡವೇನಿಲ್ಲ, ಆದರೆ ಸೊಗಸಿದೆ. ಕ್ಯಾಲ್ಕುಲೇಟರ್ ಬದಿಗಿಟ್ಟು ಕಾಗದದ ಮೇಲೆ ಗುಣಿಸಿ ನೋಡಿ. 111111 ಅನ್ನೇ ಆರು ಸಲ, ಪ್ರತಿ ಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೀರಿ. ಈಗ ಮೇಲಿಂದ ಕೆಳಕ್ಕೆ ಕೂಡಿಸಿ. ಬಲತುದಿಯಲ್ಲಿ ಒಂದೇ 1 ಇದೆ, ಅದರ ಪಕ್ಕ ಎರಡು, ಹೀಗೆ ನಡುವೆ ಆರು, ಅಲ್ಲಿಂದ ಮತ್ತೆ ಇಳಿಕೆ. ಎಲ್ಲೂ ಮೊತ್ತ 9 ದಾಟದ್ದರಿಂದ ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ.

ಇದು ಹೊಸ ಶೋಧವೂ ಅಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಇದೇ ಸಂಖ್ಯೆ ಇದೆ. ಅಲ್ಲಿ ಕೇಳಿರುವುದು 27994681 ಅನ್ನು 441ರಿಂದ ಗುಣಿಸಲು! ನೋಡಿದರೆ ಯಾವ ಅಂದವೂ ಇಲ್ಲದ ಎರಡು ಸಂಖ್ಯೆಗಳು. ಆದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, ಮತ್ತು 21 × 5291 = 111111. ಉತ್ತರ ಮೊದಲೇ ಗೊತ್ತಿದ್ದು ಪ್ರಶ್ನೆಯನ್ನು ಹಿಂದಿನಿಂದ ಹೆಣೆದಿರಬೇಕು. ಮೇಷ್ಟ್ರ ಈ ತುಂಟತನ ನನಗಂತೂ ಬಹಳ ಇಷ್ಟ.

ಪ್ರಶ್ನೆ: 1ಗಳನ್ನು ಹೆಚ್ಚಿಸುತ್ತ ಹೋದರೆ ಈ ಕ್ರಮ ಹೀಗೇ ಮುಂದುವರಿಯುತ್ತದೆಯೇ?
– ಶಿಕ್ಷಕಿ, ಸಾಗರ

ಉತ್ತರ: ಒಂಬತ್ತು 1ಗಳವರೆಗೆ ತೊಂದರೆಯಿಲ್ಲ, 12345678987654321 ಸಿಗುತ್ತದೆ. ಹತ್ತಕ್ಕೆ ಕೆಡುತ್ತದೆ: 1234567900987654321. ನಡುವಿನ ಮೊತ್ತ 10 ಆಗಿ, ಅದರ ದಶಕ ಎಡಗಡೆಯ 9ನ್ನೂ 10 ಮಾಡಿ, ಅಲ್ಲಿಂದ ಹೊರಟ ದಶಕ 8ನ್ನು 9 ಮಾಡುತ್ತದೆ. ಎಡಭಾಗದಲ್ಲಿ 8 ಕಾಣೆಯಾಗುವುದು ಹೀಗೆ. ಅಂದಹಾಗೆ, ಹತ್ತರ ಬದಲು ಎಂಟನ್ನು ಆಧಾರವಾಗಿಟ್ಟು ಎಣಿಸುವವರಿಗೂ 111111ರ ವರ್ಗ 12345654321 ಎಂದೇ ಬರುತ್ತದೆ. ಬೆಲೆ ಬೇರೆ, ರೂಪ ಅದೇ.

ಪ್ರಶ್ನೆ: 12345654321ಕ್ಕೆ ಎಷ್ಟು ಅಪವರ್ತನಗಳಿವೆ?
– ಪಿಯುಸಿ ವಿದ್ಯಾರ್ಥಿ, ಗದಗ

ಉತ್ತರ: 243. 111111 = 3 × 7 × 11 × 13 × 37. ವರ್ಗದಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುತ್ತವೆ. ಅಪವರ್ತನವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ. ಹೀಗೆ ಐದಕ್ಕೂ ಮೂರು ಮೂರು ಆಯ್ಕೆ: 3 × 3 × 3 × 3 × 3. ಬೆಸಸಂಖ್ಯೆ ಬಂದದ್ದು ಆಕಸ್ಮಿಕವಲ್ಲ. ಅಪವರ್ತನಗಳು ಜೋಡಿಯಾಗಿ ಬರುತ್ತವೆ, 111111 ಮಾತ್ರ ತನಗೆ ತಾನೇ ಜೋಡಿ.

ಮಹಾವೀರಾಚಾರ್ಯನದೇ ಇನ್ನೊಂದು ಲೆಕ್ಕ ಕೊಡುತ್ತೇನೆ: 152207 × 73. ದಯವಿಟ್ಟು ಮೊಬೈಲ್ ಮುಟ್ಟದೆ ಮಾಡಿ.