ಬೆಳಕಿನ ಜಮಾ-ಖರ್ಚು

ಛಾಯಾಚಿತ್ರಣದ ಬಗ್ಗೆ ಲೇಖನ ಬರೆಯಲು ನಾನೇನೂ ಪರಿಣತನಲ್ಲ. ವಾಣಿಜ್ಯ ವಿಭಾಗದವನು, ಡೆಬಿಟ್ಟು-ಕ್ರೆಡಿಟ್ಟುಗಳಲ್ಲೇ ಕಣ್ಣು ಕೆಡಿಸಿಕೊಳ್ಳುವವನು. ಆದರೆ ನಮ್ಮ ಬಳಗದಲ್ಲಿ ಮೂವರು ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿದ್ದಾರೆಂದು ತಿಳಿಯಿತು. ನಾನು ಒಂದು ವರ್ಷ ತಪ್ಪು ಮಾಡಿ ಕಲಿತದ್ದು ಅವರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಪತ್ರಿಕೆಯಲ್ಲಿ ಫೋಟೋ ಅಚ್ಚು ಹಾಕುವ ಅನುಕೂಲವಿಲ್ಲ. ಆದ್ದರಿಂದ ಫೋಟೋ ಇಲ್ಲದೆಯೇ ಫೋಟೋ ಪಾಠ!

ಹೋದ ವರ್ಷ ಊರಿನಿಂದ ಅಜ್ಜಿ ಡೊಂಬಿವಲಿಗೆ ಬಂದು ಎರಡು ತಿಂಗಳು ನಮ್ಮಲ್ಲಿದ್ದರು. ಗೆಳೆಯನಿಂದ ಒಂದು ಕ್ಯಾಮೆರಾ ಎರವಲು ತಂದಿದ್ದೆ. ಒಂದು ಮಧ್ಯಾಹ್ನ ಅಜ್ಜಿ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಅಮ್ಮನೊಡನೆ ಮಾತಾಡುತ್ತಿದ್ದಾಗ ಮೂವತ್ತು ನಲವತ್ತು ಚಿತ್ರ ತೆಗೆದೆ. ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ಕ್ಯಾಮೆರಾ ವಾಪಸು ಕೊಟ್ಟು, ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಮರೆತುಬಿಟ್ಟೆ. ಊರಿಗೆ ಮರಳಿದ ನಾಲ್ಕೇ ತಿಂಗಳಲ್ಲಿ ಅಜ್ಜಿ ತೀರಿಕೊಂಡರು. ಉತ್ತರಕ್ರಿಯೆಗೆ ಚೌಕಟ್ಟು ಹಾಕಿಸಲು ಫೋಟೋ ಬೇಕೆಂದಾಗ ಅವನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಸ್ಪಷ್ಟವಾಗಿ ಓದಬಹುದಿತ್ತು. ಅಜ್ಜಿಯ ಮುಖ ಮಾತ್ರ ನೀರಿನಲ್ಲಿ ಕಂಡಂತೆ ಕದಡಿತ್ತು. ಒಂದೂ ಸರಿಯಾಗಿರಲಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪು ಫೋಟೋದ ಮೂರನೇ ಸಾಲಿನಿಂದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿದೆವು. ಅದು ಅಜ್ಜಿಯಂತೆ ಇಲ್ಲ.

ಕ್ಯಾಮೆರಾ ಕೆಟ್ಟದ್ದೆಂದೇ ತೀರ್ಮಾನಿಸಿ ನಾನು ಬೇರೆ ಕೊಳ್ಳಲು ಹೊರಟೆ. ಟ್ಯೂಶನ್ ಹೇಳಿ ಕೂಡಿಟ್ಟ 24 ಸಾವಿರವಿತ್ತು. ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿಳಿದು, ಫೋರ್ಟಿನ ಬೋರಾ ಬಜಾರಿಗೆ ಹೋದೆ. ಕ್ಯಾಮೆರಾ ಅಂಗಡಿಗಳೆಲ್ಲ ಅಲ್ಲೇ. ಒಬ್ಬ ಅಂಗಡಿಯವ ಮಾತು ಶುರುಮಾಡಿದ್ದೇ ಮೆಗಾಪಿಕ್ಸೆಲ್‌ನಿಂದ. ನನ್ನ ಪುಣ್ಯ, ಆ ದಿನ ದುಡ್ಡು ಸಾಲಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. 24 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 20×13 ಇಂಚಿನ ಚಿತ್ರ. ಅಜ್ಜಿಯ ಚೌಕಟ್ಟು 12×10 ಇಂಚಿನದು. ಅದಕ್ಕೆ 12 ಮೆಗಾಪಿಕ್ಸೆಲ್ ಸಾಕು. ಎರವಲು ತಂದಿದ್ದ ಕ್ಯಾಮೆರಾದಲ್ಲಿ 24 ಇದ್ದವು! ಹಾಗಾದರೆ ತಪ್ಪು ಎಲ್ಲಿ?

ಉತ್ತರ ಆ ಫೈಲಿನೊಳಗೇ ಇತ್ತು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಂದಿಗೆ ಒಂದು ವೋಚರ್ ಬರೆದಿಡುತ್ತದೆ. ನನ್ನದರಲ್ಲಿದ್ದದ್ದು: ಲೆನ್ಸ್ 55 ಮಿ.ಮೀ., ಅಪರ್ಚರ್ ಎಫ್ 5.6, ಶಟರ್ 1/8 ಸೆಕೆಂಡು, ಐ.ಎಸ್.ಓ. 400. ಈ ಒಂದು ಸಾಲು ಅರ್ಥವಾದರೆ ಅರ್ಧ ಛಾಯಾಚಿತ್ರಣ ಬಂದಂತೆ.

ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಿಂಡಿ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ 'ದ್ಯುತಿರಂಧ್ರ' ಎಂದರೆ ತಕ್ಷಣ ಹೊಳೆಯಿತು. ಅಂಗಡಿಯಲ್ಲಿ ಹಾಗೆ ಕೇಳಬೇಡಿ, ನಗುತ್ತಾರೆ. ಎಫ್ ಸಂಖ್ಯೆ ಒಂದು ಭಾಗಾಕಾರ: ಲೆನ್ಸಿನ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದ್ದು. 50 ಮಿ.ಮೀ. ಲೆನ್ಸಿನಲ್ಲಿ ಎಫ್ 2 ಎಂದರೆ 25 ಮಿ.ಮೀ. ಕಿಂಡಿ, ಎಫ್ 4 ಎಂದರೆ ಹನ್ನೆರಡೂವರೆ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಇದೇ ಎಲ್ಲರನ್ನೂ ಮೊದಲು ಕಾಡುವ ವಿಷಯ. 2, 2.8, 4, 5.6, 8, 11, 16 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧವಾಗುತ್ತದೆ. ಇಂಥ ಮೆಟ್ಟಿಲಿಗೆ 'ಸ್ಟಾಪ್' ಎನ್ನುತ್ತಾರೆ. ಕಿಂಡಿ ದೊಡ್ಡದಾದರೆ ಮುಖ ಸ್ಪಷ್ಟ, ಹಿನ್ನೆಲೆ ಮಸುಕು. ಚಿಕ್ಕದಾದರೆ ಹಿಂದುಮುಂದೆಲ್ಲ ಸ್ಪಷ್ಟ.

ಶಟರ್ ಎಂದರೆ ಬಾಗಿಲು ತೆರೆದಿರುವ ಹೊತ್ತು. 1/125ರಿಂದ 1/60ಕ್ಕೆ ಬಂದರೆ ಬೆಳಕು ಇಮ್ಮಡಿ, ಅಲುಗುವ ಅಪಾಯವೂ ಇಮ್ಮಡಿ.

ಐ.ಎಸ್.ಓ. ಸ್ವಲ್ಪ ಮೋಸದ ಬಾಬು. ಅದು ಬೆಳಕನ್ನು ತರುವುದಿಲ್ಲ, ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ. ಕಿಂಡಿ, ಶಟರ್ ಎರಡೂ ಸಂಪಾದನೆಯಾದರೆ ಐ.ಎಸ್.ಓ. ಸಾಲ ಇದ್ದಂತೆ. ಬಡ್ಡಿಯೆಂದರೆ ಚಿತ್ರದ ಮೇಲೆ ಮರಳು ಚೆಲ್ಲಿದಂಥ ಚುಕ್ಕಿಗಳು. ಆದರೂ ತುರ್ತಿಗೆ ಸಾಲ ಮಾಡಬೇಕಾಗುತ್ತದೆ. ಮರಳು ಬಿದ್ದ ಮುಖವಾದರೂ ಮುಖವೇ, ಕದಡಿದ್ದು ಮುಖವಲ್ಲ.

ಈಗ ನನ್ನ ವೋಚರಿಗೆ ಬನ್ನಿ. ಒಂದೇ ಟ್ಯೂಬ್‌ಲೈಟಿನ ಅಡುಗೆಮನೆ. ಕ್ಯಾಮೆರಾದೊಂದಿಗೆ ಬರುವ 18-55 ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಕಿಂಡಿ ಎಫ್ 5.6ಕ್ಕಿಂತ ತೆರೆಯದು. ಬೆಳಕಿನ ಕೊರತೆ ತುಂಬಲು ಕ್ಯಾಮೆರಾ ಶಟರನ್ನು 1/8ಕ್ಕೆ ಇಳಿಸಿತು. ಕೈ ನಡುಕ ತಡೆಯುವ 'ವಿ.ಆರ್.' ಎಂಬ ಏರ್ಪಾಡು ಲೆನ್ಸಿನಲ್ಲಿತ್ತು. ಕ್ಯಾಲೆಂಡರು ಸ್ಪಷ್ಟವಾದದ್ದು ಅದರಿಂದ. ಆದರೆ ಅದು ನನ್ನ ಕೈಯನ್ನು ತಡೆಯಬಲ್ಲದೇ ಹೊರತು ಮಾತಾಡುವ ಅಜ್ಜಿಯನ್ನಲ್ಲ. ಐ.ಎಸ್.ಓ. 1600 ಇಟ್ಟಿದ್ದರೆ ಶಟರ್ 1/30 ಸಿಗುತ್ತಿತ್ತು. ಎಫ್ 1.8ರ ಲೆನ್ಸಾಗಿದ್ದರೆ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಎರಡೂ ಸೇರಿದ್ದರೆ 1/300ರ ಆಸುಪಾಸು.

ಈ ಲೆಕ್ಕವನ್ನು ಕಲ್ಯಾಣದಲ್ಲಿರುವ ದೊಡ್ಡಪ್ಪನಿಗೆ ಹೆಮ್ಮೆಯಿಂದ ತೋರಿಸಿದೆ. ಅವರ ಬಳಿ ಇಂದಿಗೂ ಒಂದು ಅಗ್ಫಾ ಕ್ಲಿಕ್ 3 ಇದೆ, ಬರೋಡದಲ್ಲಿ ತಯಾರಾದದ್ದು. 120 ನಂಬರಿನ ರೋಲಿಗೆ ಹನ್ನೆರಡೇ ಚಿತ್ರ. ಅವರು ಕಾಗದ ನೋಡಿ, "ಇಷ್ಟೆಲ್ಲ ಸರಿ. ಅಮ್ಮನನ್ನು ಗ್ಯಾಲರಿಗೆ ಕರೆತಂದು ಕೂರಿಸಲಿಕ್ಕೆ ನಿನಗೆ ಎಂತ ಆಗಿತ್ತು, ಮಾರಾಯ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ನಾಲ್ಕು ಗಂಟೆಗೆ ನಮ್ಮ ಗ್ಯಾಲರಿಯಲ್ಲಿ ಬೆಳಕು ಅಳೆದು ನೋಡಿದೆ. ಅದೇ 5.6, ಅದೇ 400: ಶಟರ್ 1/250. ಅಡುಗೆಮನೆಯಿಂದ ಎಂಟು ಹೆಜ್ಜೆ.

ಮೈಸೂರಿನವರಾದ ವಿ. ಕೆ. ಮೂರ್ತಿ ಮುಂಬಯಿಗೆ ಬಂದು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿದ್ದು ಪ್ರಸಿದ್ಧ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಯಾವ ಬೆಳಕಿನಲ್ಲಿ, ಯಾರನ್ನು, ಎಷ್ಟು ದೂರದಿಂದ ತೆಗೆಯುತ್ತೀರಿ ಎಂದು ಬರೆದುಕೊಳ್ಳಿ. ದೀಪಾವಳಿ ಬೆಳಿಗ್ಗೆ ಫಡ್ಕೆ ರೋಡಿನಲ್ಲಿ ಗೆಳೆಯರ ಗುಂಪು ತೆಗೆಯಲು ಮೊಬೈಲೇ ಸಾಕು, ಸುಮ್ಮನೆ ದುಡ್ಡು ಸುರಿಯಬೇಡಿ. ನಮ್ಮ ಬಳಗದ ಒಬ್ಬನಿಗೆ ಐರೋಲಿಯ ರಾಜಹಂಸಗಳ ಹುಚ್ಚು. 2015ರಲ್ಲಿ ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಬೆಳಕಿಗೆ ಬರವಿಲ್ಲ, ಹಕ್ಕಿ ದೂರ, ದೋಣಿ ತೂಗುತ್ತದೆ. ಅವನಿಗೆ 300 ಮಿ.ಮೀ. ಲೆನ್ಸು, 1/1000 ಶಟರ್ ಬೇಕು. ನನ್ನ ಲೆನ್ಸಿನಲ್ಲಿ ಹಕ್ಕಿ ಅಕ್ಕಿಕಾಳಿನಷ್ಟು ಕಂಡೀತು!

ನಾನು ಕೊಂಡದ್ದು ಹಳೆಯ ನಿಕಾನ್ ಡಿ.ಎಸ್.ಎಲ್.ಆರ್. ಒಂದು, ಜೊತೆಗೆ 35 ಮಿ.ಮೀ. ಎಫ್ 1.8 ಲೆನ್ಸು, ಅದೂ ಹಳೆಯದೇ. ತಯಾರಕರು ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆ ಹೊರಳಿದ್ದರಿಂದ ಇವು ಅಗ್ಗಕ್ಕೆ ಸಿಗುತ್ತವೆ. ಇದರ ಸೆನ್ಸರು ಹಳೆಯ ಫಿಲ್ಮಿನ 36×24 ಮಿ.ಮೀ.ಗಿಂತ ಚಿಕ್ಕದು. ಆದ್ದರಿಂದ ಒಂದೂವರೆಯಿಂದ ಗುಣಿಸಬೇಕು: 35 ಎಂದರೆ 52ರಂತೆ, ಮನೆಯೊಳಗೆ ಸರಿಯಾದ ಅಳತೆ.

ಒಂದು ಬಲೆಯಿದೆ, ಎಚ್ಚರ. ಡಿ3500, ಡಿ5600 ಮಾದರಿಗಳ ಒಳಗೆ ಫೋಕಸ್ ಮೋಟಾರು ಇಲ್ಲ. 50 ಮಿ.ಮೀ. 1.8 'ಡಿ' ಲೆನ್ಸು ಅಗ್ಗವೆಂದು ಕೊಂಡರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. 'ಜಿ' ಎಂದಿರುವುದನ್ನೇ ಕೇಳಿ. ಹಳೆಯ ಕ್ಯಾಮೆರಾ ಎಷ್ಟು ಸಲ ಕ್ಲಿಕ್ಕಾಗಿದೆ ಎಂಬ ಎಣಿಕೆಯನ್ನೂ ಕೇಳಿ. ಈ ದರ್ಜೆಯವಕ್ಕೆ ತಯಾರಕರು ಹೇಳುವ ಆಯುಷ್ಯ ಒಂದು ಲಕ್ಷ.

ಎಲ್ಲಕ್ಕಿಂತ ಮುಖ್ಯ, ಲೆನ್ಸಿಗೆ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತೇ? ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಬೀಗ ಹಾಕುವುದೇ ತಪ್ಪು. ನಾನು ಅಮ್ಮನ ಹಪ್ಪಳದ ಗಾಳಿಯಾಡದ ಡಬ್ಬಿಯೊಂದನ್ನು ಗಿಟ್ಟಿಸಿ, ಒಳಗೆ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸುವುದು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ರಾಜ್ಯೋತ್ಸವದ ನಾಟಕಕ್ಕೆ ಕ್ಯಾಮೆರಾ ತರುತ್ತೇನೆ. ಐ.ಎಸ್.ಓ. 1600, ಎಫ್ 1.8. ವೇದಿಕೆಯ ಎದುರಿನ ಎರಡನೇ ಸಾಲಿನಲ್ಲಿ ನನಗೊಂದು ಕುರ್ಚಿ ಬಿಡಿ. ಫ್ಲಾಶ್ ಹಾಕು ಅಂತ ಮಾತ್ರ ಯಾರೂ ಹೇಳಬೇಡಿ.